ಹ್ಯಾಂಡ್ ಬ್ರೇಕಿಲ್ಲದ ಜೀಪು

ಭಾವನ ಜೀಪಿಗೆ ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕು. ಹನೂರಿನಿಂದ ಹೂಗ್ಯಂ ಕಡೆಯ ಹಳ್ಳಿಗಳಿಗೆ ಜನ, ಮೂಟೆ, ಮೇಕೆ ಎಲ್ಲವನ್ನೂ ಹೇರಿಕೊಂಡು ಓಡಾಡುತ್ತಿದ್ದ ಗಾಡಿ ಅದು. ಮಳೆಗಾಲದಲ್ಲಿ ಹಳ್ಳ ದಾಟಿದರೆ ಡ್ರಮ್ಮಿನೊಳಗೆ ನೀರು, ಮರಳು ಎರಡೂ ಸೇರಿಕೊಳ್ಳುತ್ತವೆ. ಆಮೇಲೆ ಎಷ್ಟು ತುಳಿದರೂ ಗಾಡಿ ಮಾತು ಕೇಳುವುದಿಲ್ಲ. ಅದಕ್ಕೇ ಆ ದಾರಿಯ ಡ್ರೈವರುಗಳು ಹಳ್ಳ ದಾಟಿದ ಮೇಲೆ ಒಂದು ಫರ್ಲಾಂಗು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾರೆ. ಉಜ್ಜಿ ಉಜ್ಜಿ ಬಿಸಿಯಾಗಿ ಒಳಗಿನ ನೀರು ಆರಲಿ ಅಂತ. ಭಾವನೂ ಹಾಗೇ ಮಾಡುತ್ತಿದ್ದ. ಒಂದು ಸಲ ಆರುವ ಮೊದಲೇ ಇಳಿಜಾರು ಬಂತು. ಜೀಪು ಬೇಲಿಗೆ ನುಗ್ಗಿ ನಿಂತಿತು.

ಮಾರನೇ ದಿನ ಅಕ್ಕ ಬಸ್ಸು ಹತ್ತಿ ಕೊಳ್ಳೇಗಾಲದ ನನ್ನ ಶೆಡ್ಡಿಗೆ ಬಂದಳು. ನಾನು ಮೆಕ್ಯಾನಿಕ್ಕು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಊರಿಗೆಲ್ಲ ಗೊತ್ತು. ಅಕ್ಕನ ಮುಂದೆ ಮಾತ್ರ ಬಾಲ ಮುದುರಿಕೊಳ್ಳುತ್ತೇನೆ.

"ನೋಡ್ಲಾ, ಸಂಜೆ ಜೀಪಿನ್ ಸದ್ದು ಕೇಳೋ ಗಂಟ ನನ್ ಜೀವ ಜೀವ್ದಲ್ಲಿರಲ್ಲ. ಊರೋರ್ ಗಾಡಿನೆಲ್ಲ ರಿಪೇರಿ ಮಾಡ್ತೀಯಲ್ಲ, ನಿಮ್ ಬಾವನ್ ಗಾಡಿ ಬ್ರೇಕು ಮಾಡ್ಕೊಡಕಾಗಲ್ವ ನಿಂಗೆ?" ಅಂದಳು.

"ಡಿಸ್ಕೇ ಹಾಕ್ಕೊಡ್ತೀನಿ ಬುಡಕ್ಕ. ನೀರಲ್ಲಿ ಮುಳುಗಿಸಿ ಎತ್ತುದ್ರೂ ಹಿಡಿಬೇಕು, ಅಂಗೆ" ಅಂದೆ. ಅಕ್ಕ ಕಾಫಿ ಕುಡಿದು ನಗುನಗುತ್ತಾ ಹೋದಳು.

ಹೊಸ ಸಾಮಾನು ಎಲ್ಲಿಂದ ತರಲಿ? ಗುಜರಿಗೆ ಹೋದೆ. ಅಲ್ಲಿ ಏಳು ಜನ ಕೂರುವ ಕಾರೊಂದು ಬಿದ್ದಿತ್ತು, ಒಂದು ಪಕ್ಕ ಪೂರ್ತಿ ನಜ್ಜುಗುಜ್ಜಾಗಿತ್ತು. ಮುಂದಿನ ಚಕ್ರಗಳ ಡಿಸ್ಕು, ಅದನ್ನು ಇಕ್ಕಳದ ಹಾಗೆ ಕಚ್ಚುವ ಕ್ಯಾಲಿಪರು ಮಾತ್ರ ಹೊಸದರಂತಿದ್ದವು. ನಮ್ಮ ಕಡೆ ಗುಜರಿಯಲ್ಲಿ ಮೊದಲು ಕೇಳುವ ಮಾತು ರೇಟಲ್ಲ, "ಸಾವಾಗದಾ?" ಅಂತ, ಅಂದರೆ ಆ ಗಾಡಿಯಲ್ಲಿ ಯಾರಾದರೂ ಸತ್ತಿದ್ದಾರಾ ಅಂತ. ಗುಜರಿಯವನು ಸುಳ್ಳು ಹೇಳಲಿಲ್ಲ, ಯಳಂದೂರು ಹತ್ತಿರದ ಹೊನ್ನೂರಿನ ಗಾಡಿ ಅದು. "ಊಂ ಸಾ, ಒನ್ನೂರಿನೋರು. ಓಡುಸ್ತಿದ್ದೋರೇ ಓಗ್ಬುಟ್ರು. ಒಂದ್ ನಿಂಬೆಹಣ್ಣಿಟ್ಟು ಕರ್ಪೂರ ಹಚ್ಬುಟ್ಟು ಬಿಚ್ಕಳಿ" ಅಂದ. ಸತ್ತವರನ್ನು 'ಬಿಟ್ಟುಕೊಡಪ್ಪಾ' ಅಂತ ಕೇಳಿಕೊಂಡೇ ಸ್ಪ್ಯಾನರ್ ಹಾಕಬೇಕು. ದೊಡ್ಡ ದೊಡ್ಡ ಮೇಸ್ತ್ರಿಗಳೂ ಹಾಗೇ ಮಾಡುತ್ತಾರೆ. ನಾನು ಮಾಡಲಿಲ್ಲ. "ಕಬ್ಬಿಣಕ್ಕೇನ್ಲಾ ಗೊತ್ತು, ಯಾರ್ ಸತ್ರು ಯಾರ್ ಬದುಕುದ್ರು ಅಂತ" ಅಂದು ಬಿಚ್ಚಿಕೊಂಡು ಬಂದೆ.

ಎರಡು ದಿನದ ಕೆಲಸ. ಡ್ರಮ್ಮು, ಅದನ್ನು ಒಳಗಿನಿಂದ ಉಜ್ಜಿ ನಿಲ್ಲಿಸುವ ಶೂ ಎಲ್ಲ ಕಿತ್ತೆ. ಡಿಸ್ಕಿನ ನಡುವಿನ ತೂತನ್ನು ಲೇತಿನಲ್ಲಿ ಅಗಲ ಮಾಡಿಸಿ ಚಕ್ರದ ಹಬ್ಬಿಗೆ ಕೂರಿಸಿದೆ. ದಪ್ಪ ಪ್ಲೇಟು ಕತ್ತರಿಸಿ, ವೆಲ್ಡ್ ಮಾಡಿ, ಕ್ಯಾಲಿಪರಿಗೆ ಬ್ರಾಕೆಟ್ ಮಾಡಿದೆ. ಭಾವನನ್ನು ಕೂರಿಸಿಕೊಂಡು ಯಳಂದೂರು ರಸ್ತೆಯಲ್ಲಿ ಟ್ರಯಲ್ ಹೋದೆವು. ಭಾವ ಒಂದು ಸಲ ತುಳಿದ ನೋಡಿ, ಇಬ್ಬರ ಹಣೆಯೂ ಗಾಜಿಗೆ ಬಡಿಯುವುದೊಂದು ಬಾಕಿ!

"ಅಬ್ಬಬ್ಬಾ! ಏನ್ಲಾ ಬಾಮೈದ, ಎತ್ತಿನ್ ಮೂಗುದಾರ ಹಿಡ್ದಂಗೆ ಹಿಡಿತದಲ್ಲೋ!" ಅಂತ ಭಾವ ಬೆನ್ನಿಗೆ ಗುದ್ದಿದ. ನನಗೆ ಸ್ವರ್ಗ ಮೂರೇ ಗೇಣು.

ಒಂದು ಕೆಲಸ ಮಾತ್ರ ಉಳಿಯಿತು. ಹ್ಯಾಂಡ್ ಬ್ರೇಕಿನ ತಂತಿ ಎಳೆಯುತ್ತಿದ್ದದ್ದು ಹಳೇ ಡ್ರಮ್ಮಿನೊಳಗಿನ ಶೂಗಳನ್ನು. ನಾನು ತಂದಿದ್ದು ಮುಂದಿನ ಚಕ್ರದ ಕ್ಯಾಲಿಪರು, ಅದರಲ್ಲಿ ಹ್ಯಾಂಡ್ ಬ್ರೇಕಿಗೆ ಜಾಗವೇ ಇರುವುದಿಲ್ಲ. ತಂತಿಯನ್ನು ಸುತ್ತಿ ಅಡಿಯಲ್ಲಿ ಕಟ್ಟಿದೆ. "ಬಾವ, ನಿಲ್ಸುವಾಗ ಗೇರಲ್ಲಿ ನಿಲ್ಸು, ಚಕ್ರಕ್ಕೊಂದ್ ಕಲ್ಲಿಡು. ಮುಂದುನ್ ವಾರ ಬಾ, ಬೇರೆ ತರ ಒಂದ್ ಹ್ಯಾಂಡ್ ಬ್ರೇಕು ಮಾಡ್ಕೊಡ್ತೀನಿ" ಅಂದೆ.

ಭಾವ ಬಂದ. ಆಗ ಕಬ್ಬು ಸಾಗಿಸುವ ಕಾಲ, ಶೆಡ್ಡಿನ ಮುಂದೆ ಟ್ರ್ಯಾಕ್ಟರುಗಳ ಸಾಲು. ಮನೆಯವರ ಗಾಡಿ ತಾನೇ, ಕಾಯಲಿ ಅಂತ ಕಳಿಸಿದೆ. ಇನ್ನೊಂದು ಸಲ ಬಂದ. "ಕಾಣಲ್ವ ಬಾವ, ಉಸುರಾಡಕ್ಕೂ ಪುರುಸೊತ್ತಿಲ್ಲ" ಅಂತ ರೇಗಿದೆ. ಮೂರನೇ ಸಲ ಬಂದವನು ಗಾಡಿಯಿಂದ ಇಳಿಯಲೇ ಇಲ್ಲ, ನನ್ನ ಮುಖ ನೋಡಿ, "ಆಗ್ಲಿ ಬುಡು, ಕಲ್ಲದಲ್ಲ" ಅಂದು ತಿರುಗಿಸಿಕೊಂಡು ಹೋದ. ಹನೂರಿನಲ್ಲಿ ಬೇರೆ ಮೆಕ್ಯಾನಿಕ್‌ಗಳಿರಲಿಲ್ಲವೇ? ಇದ್ದರು. ಆದರೆ ಬಾಮೈದ ಶೆಡ್ಡು ಇಟ್ಟುಕೊಂಡಿರುವಾಗ ಇನ್ನೊಬ್ಬನ ಹತ್ತಿರ ಹೋದರೆ ಅವನ ಮರ್ಯಾದೆ ಏನಾಗಬೇಕು ಅಂತ ಭಾವ ಹೋಗಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಜೋಳದ ಮೂಟೆ ಹೇರಿಕೊಂಡು ಬರುತ್ತಿದ್ದಾಗ ಇಳಿಜಾರಿನಲ್ಲಿ ದಾರಿಗೆ ಅಡ್ಡ ಬಿದಿರು ಬಿದ್ದಿತ್ತಂತೆ. ಒಂದು ನಿಮಿಷದ ಕೆಲಸ ತಾನೇ ಅಂತ ಭಾವ ಗೇರಿನಲ್ಲಿ ನಿಲ್ಲಿಸಿ, ಕಲ್ಲಿಡದೆ, ಮುಂದೆ ಹೋಗಿ ಬಿದಿರು ಎಳೆಯಲು ಬಗ್ಗಿದ. ಹಳೇ ಗೇರ್ ಬಾಕ್ಸು, ಭಾರಕ್ಕೆ ಗೇರು ಜಾರಿತು. ಮೂಟೆಗಳ ಮೇಲೆ ಕೂತಿದ್ದವರು ಕೂಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಾವಿನ ಮನೆಯಲ್ಲಿ ಯಾರೋ ಮಾತೆತ್ತಿದರು. "ಸತ್ತೋರ್ ಗಾಡಿ ಸಾಮಾನಂತೆ. ನಿಂಬೆಹಣ್ಣೂ ಇಡ್ನಿಲ್ವಂತೆ. ಇನ್ನೇನಾದದು?" ಅಕ್ಕ ಅಳು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಊಂನ್ಲಾ? ದಿಟ್ವಾ?"

"ಊಂ ಕಣಕ್ಕ" ಅಂದೆ. ಅಷ್ಟೇ. ಹ್ಯಾಂಡ್ ಬ್ರೇಕಿನ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಒಳಗೊಳಗೇ ಹಗುರವೂ ಆಯಿತು, ಥೂ ನನ್ನ ಜನ್ಮಕ್ಕಿಷ್ಟು. ಆಮೇಲೆ ಊರೆಲ್ಲ ಅದೇ ಮಾತಾಯಿತು. ನಾನೂ ತಲೆಯಾಡಿಸಿಕೊಂಡೇ ಇದ್ದುಬಿಟ್ಟೆ.

ವರ್ಷದ ಎಡೆ ಇಟ್ಟ ದಿನ ಅಕ್ಕ ನನಗೆ ಬಡಿಸುತ್ತಾ ತಾನಾಗಿಯೇ ಹೇಳಿದಳು. "ಒನ್ನೂರ್ಗೆ ಓಗಿದ್ದೆ ಕಣ್ಲಾ, ಆಟೋ ಮಾಡ್ಕಂಡು. ಆ ಕಾರಲ್ ಸತ್ನಲ್ಲ, ಆವಯ್ಯನ್ ಅಟ್ಟಿ ಉಡಿಕಂಡೋಗಿ, ಬಾಗ್ಲಿಗೆ ಮೂರ್ ಇಡಿ ಮಣ್ ತೂರ್ದೆ. ಸತ್ಮೇಲೂ ನನ್ ಗಂಡುನ್ನ ತಕಂಡೋದ್ಯಲ್ಲ, ನಿನ್ ಅಟ್ಟಿ ಬೆಳಕು ಕಾಣ್ದಂಗೋಗ್ಲಿ ಅಂದೆ. ಆವಯ್ಯನ್ ಎಂಡ್ತಿ ಬಾಗ್ಲಲ್ಲೇ ನಿಂತ್ಕಂಡು ಕೇಳುಸ್ಕಂಡ್ಳು."

ಎಲೆಯ ಮುಂದೆ ಕೂತೇ ಎಲ್ಲವನ್ನೂ ಹೇಳಿದೆ: ಸುತ್ತಿ ಕಟ್ಟಿದ ತಂತಿ, ಮುಂದಿನ ವಾರ ಅಂದಿದ್ದು, ರೇಗಿದ್ದು.

ಅಕ್ಕ ಬಯ್ಯಲಿಲ್ಲ. ಸೌಟು ಕೆಳಗಿಟ್ಟು, "ಎಷ್ಟ್ ಸತಿ ಬಂದಿದ್ರು ನಿನ್ತಾವ?" ಅಂತ ಮಾತ್ರ ಕೇಳಿದಳು.

"ಮೂರ್ ಸತಿ."

ಅಕ್ಕ ಎದ್ದು, "ಕೈ ತೊಳ್ಕ. ಗಾಡಿ ತೆಗಿ" ಅಂದಳು. ನನ್ನ ಬೈಕಿನಲ್ಲಿ ಹೊನ್ನೂರಿಗೆ ಹೋದೆವು. ಬೀಳದಂತೆ ಅವಳು ನನ್ನ ಹೆಗಲು ಹಿಡಿದುಕೊಳ್ಳಲಿಲ್ಲ, ಸೀಟಿನ ಹಿಂದಿನ ಕಂಬಿ ಹಿಡಿದು ಕೂತಿದ್ದಳು.

ಆ ಮನೆಯ ಹೆಂಗಸು ಅಕ್ಕನನ್ನು ನೋಡಿದೊಡನೆ ಬಾಗಿಲ ಮರೆಗೆ ಸರಿದರು. ಅಕ್ಕ ಅಂಗಳದಲ್ಲೇ ನಿಂತು ಕೈ ಮುಗಿದಳು. "ನಿಮ್ ಯಜಮಾನ್ರುದು ಏನೂ ತಪ್ಪಿಲ್ಲ ಕಣವ್ವ. ಸುಮ್ಸುಮ್ಗೆ ಅಂದ್ಬುಟ್ಟೆ. ತಪ್ಪು ಇವುಂದು, ನನ್ ತಮ್ಮುಂದು."

ಅವರು ನನ್ನನ್ನು ನೋಡಲಿಲ್ಲ. ಹೊಸಿಲ ಮೇಲೆ ನಿಧಾನಕ್ಕೆ ಕುಸಿದು ಕೂತರು. "ಸತ್ಮೇಲೂ ಒಂದ್ ಜೀವ ತಿಂದ್ರಲ್ಲ ಅಂತ, ನೀವ್ ಬಂದೋದ್ ದಿನದಿಂದ ಅವ್ರ್ ಪಟುಕ್ಕೆ ದೀಪ ಹಚ್ಚಿಲ್ಲ ಕಣವ್ವ ನಾನು" ಅಂದರು.

ಅಕ್ಕ ಅವರ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಅಳುತ್ತಾ ಒಳಗೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ.