ಭದ್ರತಾ ಮಂತ್ರಿಗೆ ಬಂದ ಕಿವಿ

ತುರ್ದುಮಾಮತ್ ಇಪ್ಪತ್ತಾರು ವರ್ಷ ಅಕ್‌ಬುಲಾಕ್ ಗಣರಾಜ್ಯದ ಅರಮನೆಯಲ್ಲಿ ಮಾಂಸ ಹಂಚಿದವರು. ಬೇಯಿಸುವವರು ಬೇರೆ. ಬೆಂದ ಕುರಿಯ ಯಾವ ತುಂಡು ಯಾರ ತಟ್ಟೆಗೆ ಎಂದು ತೀರ್ಮಾನಿಸುವುದಷ್ಟೇ ಇವರ ಕೆಲಸ. ಸೊಂಟದ ಮೂಳೆ ವಯಸ್ಸಾದವರಿಗೆ. ಕಿವಿ ಮಕ್ಕಳಿಗೆ, ಹಿರಿಯರ ಮಾತು ಕೇಳಲೆಂದು. ತಲೆ ಸಭೆಗೆಲ್ಲ ದೊಡ್ಡವನಿಗೆ. ಆದರೆ ಅಪ್ಪ ಬದುಕಿರುವವನ ಮುಂದೆ ತಲೆ ಇಡುವಂತಿಲ್ಲ. ಇಟ್ಟರೆ ಅಪ್ಪನ ಸಾವು ಬಯಸಿದಂತೆ. ಸಂವಿಧಾನವನ್ನು ಆರು ಸಲ ತಿದ್ದಿದ ಆ ದೇಶದಲ್ಲಿ ಯಾರೂ ಮುಟ್ಟದೆ ಉಳಿದಿದ್ದ ಕಾನೂನು ಇದೊಂದೇ.

ಅಧ್ಯಕ್ಷ ತೊಕ್ತೊರೊವ್ ಕೊಲೆಯಾದದ್ದು ತನ್ನದೇ ಪ್ರತಿಮೆಯ ಅನಾವರಣದ ದಿನ. ಹದಿನೇಳು ಅಂಗರಕ್ಷಕರಲ್ಲಿ ಹದಿನಾರು ಮಂದಿ ಪ್ರತಿಮೆ ನೋಡುತ್ತಿದ್ದರು. ಹದಿನೇಳನೆಯವನು ಗುಂಡು ಹಾರಿಸಿದ. ಅವನು ಬಾಯಿ ಬಿಡುವ ಮೊದಲೇ ಭದ್ರತಾ ಮಂತ್ರಿ ಎಸೆಂಬಾಯ್‌ನ ಪೊಲೀಸರು ಅವನನ್ನು ಮುಗಿಸಿದರು. ಪ್ರತಿಮೆಗೆ ಗೀರೂ ಬಿದ್ದಿಲ್ಲವೆಂದು ಸಂಜೆಯ ವಾರ್ತೆ ಸಮಾಧಾನ ಹೇಳಿತು.

ಸಾವಿನ ನಲವತ್ತನೆಯ ದಿನದ ಊಟದಲ್ಲಿ ಕುರಿಯ ತಲೆ ಯಾರಿಗೆ ಬರುತ್ತದೋ ಅವನೇ ಮುಂದಿನ ಅಧ್ಯಕ್ಷ ಎಂದು ರಾಜಧಾನಿಗೆಲ್ಲ ಗೊತ್ತಿತ್ತು. ಪಾರ್ಲಿಮೆಂಟು ಕೈ ಎತ್ತುವುದಷ್ಟೇ ಬಾಕಿ. ಬೆಳಿಗ್ಗೆಯೇ ಎಸೆಂಬಾಯ್ ಅಡುಗೆಮನೆಗೆ ಬಂದ.

"ನೋಡಣ್ಣ, ತಲೆ ನನ್ಮುಂದೆ ಬರ್ಬೇಕು. ಇಲ್ದಿದ್ರೆ ನಾಳೆಯಿಂದ ಈ ಚಾಕು ನಿನ್ ಕೈಲಿರಲ್ಲ."

ಎಸೆಂಬಾಯ್ ತಬ್ಬಲಿ ಎನ್ನುವುದು ಸರ್ಕಾರಿ ಚರಿತ್ರೆ. ಕುರಿ ಕಾಯುತ್ತಿದ್ದ ಅವನ ಅಪ್ಪ ಗಡಿಯಲ್ಲಿ ವೀರಮರಣ ಹೊಂದಿದ್ದನ್ನು ಮೂರನೇ ತರಗತಿಯ ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ತೊಂದರೆ ಏನೆಂದರೆ, ಹಿಂದಿನ ದಿನವಷ್ಟೇ ತುರ್ದುಮಾಮತ್ ಬೆಟ್ಟ ಹತ್ತಿ, ಊಟದ ಕುರಿಗಳನ್ನು ಆ ವೀರನ ಮಂದೆಯಿಂದಲೇ ಆರಿಸಿ ತಂದಿದ್ದರು. ಮುದುಕನಿಗೆ ಎಂಬತ್ತೊಂದು. ಹಲ್ಲು ಪೂರ್ತಿ ಇದ್ದವು; ಮಗನ ಬಗ್ಗೆ ಒಳ್ಳೆಯ ಮಾತು ಒಂದೂ ಇರಲಿಲ್ಲ.

ಮುನ್ನೂರು ಅತಿಥಿಗಳು, ನಾಲ್ಕು ಟಿವಿ ಕ್ಯಾಮೆರಾ. ತುರ್ದುಮಾಮತ್ ತಲೆಯ ತಟ್ಟೆ ಹಿಡಿದು ಎಸೆಂಬಾಯ್ ಎದುರು ನಿಂತರು. ತಲೆ ಇಡುವ ಮೊದಲು ಕೇಳಲೇಬೇಕಾದ ಮಾತನ್ನು ಕೇಳಿದರು: ತಂದೆಯವರು ಇದ್ದಾರೆಯೇ?

"ಸತ್ತು ಮೂವತ್ತು ವರ್ಷ ಆಯ್ತು. ಇಡು."

"ನಿನ್ನೆ ನಂಗೆ ಈ ಕುರಿ ಹಿಡ್ಕೊಟ್ಟಿದ್ದು ಅವ್ರೇ ಅಲ್ವಾ, ಸಾಹೇಬ್ರೆ? ನಾನಿನ್ನೂ ಇದೀನಿ, ಅವ್ನಿಗೆ ತಲೆ ಕೊಡ್ಬೇಡ ಅಂದ್ರು."

ಹಾಗೆಂದವರೇ ಚಾಕುವಿನಿಂದ ಒಂದು ಕಿವಿ ಕೊಯ್ದು ಮಂತ್ರಿಯ ತಟ್ಟೆಯಲ್ಲಿಟ್ಟರು. ಕೇಳಿಸಿಕೊಂಡದ್ದು ಅಕ್ಕಪಕ್ಕದ ಹತ್ತು ಜನ. ಅವರೆಲ್ಲ ತಟ್ಟನೆ ತಮ್ಮ ತಟ್ಟೆಗಳಲ್ಲಿ ಆಸಕ್ತಿ ತಾಳಿದರು.

ತಲೆ ಬರದಿದ್ದರೂ ನಾಲ್ಕು ದಿನದಲ್ಲಿ ಎಸೆಂಬಾಯ್ ಅಧ್ಯಕ್ಷನಾದ. ವಿರುದ್ಧ ಒಂದು ಕೈಯೂ ಏಳಲಿಲ್ಲ. ತುರ್ದುಮಾಮತ್ ಕೈಯಿಂದ ಚಾಕು ಹೋಯಿತು. ಜೈಲಿಗೆ ಹಾಕಲಿಲ್ಲ, ಹಾಕಿದರೆ ಕಾರಣ ಬರೆಯಬೇಕಾಗುತ್ತಿತ್ತು. ಅರಮನೆಯಲ್ಲಿ ಈಗ ಮೀನು ಬಡಿಸುತ್ತಾರೆ. ಮೀನಿನ ತಲೆಗೆ ಯಾವ ನಿಯಮವೂ ಇಲ್ಲ.

ಒಂದು ಕಿವಿಯ ಆ ತಲೆಯನ್ನು ತುರ್ದುಮಾಮತ್ ಬಟ್ಟೆಯಲ್ಲಿ ಕಟ್ಟಿಕೊಂಡು ಊಟದ ಮಾರನೆಯ ದಿನವೇ ಬೆಟ್ಟಕ್ಕೆ ಒಯ್ದಿದ್ದರು. ಮುದುಕ ತಿರುಗಿಸಿ ನೋಡಿದ.

"ಕಿವಿ ತಿಂದ್ನಾ?"

"ತಿಂದ. ಕ್ಯಾಮೆರಾ ಇತ್ತಲ್ಲ."

"ಚಿಕ್ಕೋನಿದ್ದಾಗ್ಲೂ ಹಂಗೇ. ಯಾರಾದ್ರೂ ನೋಡ್ತಿದ್ರೆ ಮಾತ್ರ ಮಾತು ಕೇಳ್ತಿದ್ದ," ಎಂದು ಮುದುಕ ಚಾಕು ಕೈಗೆತ್ತಿಕೊಂಡ.