ಟ್ಯಾಬ್ ಹಿಡಿದವನು ಎಲ್ಲಿ ಕೂರಬೇಕು

ಯಾರಾದರೂ "ಡೋಂಟ್ ವರಿ ಆಂಟಿ" ಎಂದರೆ ನನಗೆ ಆ ಕ್ಷಣದಿಂದಲೇ ವರಿ ಶುರುವಾಗುತ್ತದೆ. ಮಧುಗಿರಿಯಿಂದ ಡಿಜಿಟಲ್ ಮಿಕ್ಸರ್ ತೋರಿಸಲು ಬಂದಿದ್ದ ಡೀಲರ್ ಮಾತು ಮಾತಿಗೂ ಅದನ್ನೇ ಹೇಳುತ್ತಿದ್ದ.

ಶಿರಾದಲ್ಲಿ ನಮ್ಮದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಯಜಮಾನರು ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಮೈಕುಗಳ ದನಿ ಏರಿಸಿ ಇಳಿಸುವ, ಅವರ ಕೈ ಸವೆಸಿದ ಹಳೆಯ ಮಿಕ್ಸರ್ ಯಾವ ನಾಬ್ ತಿರುಗಿಸಿದರೂ ಕರಕರ ಎನ್ನತೊಡಗಿತ್ತು. ಹೊಸದು ಬೇಕೇಬೇಕಿತ್ತು, ನಿಜ. ಆದರೆ ಡೀಲರ್ ಮೇಜಿನ ಮೇಲಿಟ್ಟದ್ದು ಬರೀ ಒಂದು ಕರಿ ಪೆಟ್ಟಿಗೆ. ಮೈಕಿನ ವೈರು ಚುಚ್ಚಲು ತೂತುಗಳಿದ್ದವು, ತಿರುಗಿಸಲು ಒಂದು ನಾಬೂ ಇರಲಿಲ್ಲ. ಎಲ್ಲವೂ ವೈಫೈ ಮೂಲಕ ಟ್ಯಾಬ್‌ನಲ್ಲಂತೆ.

"ವೈಫೈ ಹೋದರೆ?"

"ಸೌಂಡ್ ನಿಲ್ಲೋದಿಲ್ಲ ಆಂಟಿ. ಇದ್ದ ಹಾಗೇ ಇರುತ್ತೆ."

"ಬೇರೆ ಯಾರಾದರೂ ಕನೆಕ್ಟ್ ಆದರೆ?"

"ಪಾಸ್‌ವರ್ಡ್ ಇದೆಯಲ್ಲ."

"ಅದು ಯಾರಿಗೆ ಗೊತ್ತು?"

ಡೀಲರ್ ನಮ್ಮ ಆಪರೇಟರ್ ಮುಖ ನೋಡಿದ. ಯಜಮಾನರ ಕಾಲದಿಂದ ನಮ್ಮಲ್ಲೇ ಇರುವ ಆಪರೇಟರ್ ತಲೆಯೆತ್ತಿ ಫ್ಯಾನ್ ನೋಡಿದ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

"ಒಂದ್ ನಾಟ್ಕಕ್ಕೆ ಹಾಕಿ ನೋಡಾನ ಕಣಮ್ಮ," ಎಂದ ಆಪರೇಟರ್. "ಸ್ಟೇಜ್ ಪಕ್ಕ ಕುಂತ್ರೆ ನಂಗೆ ಕೇಳೋದು ಹಾರ್ಮೋನಿಯಂ ಒಂದೇಯ. ಇದಾದ್ರೆ ಜನದ್ ಮಧ್ಯ ನಿಂತ್ಕಂಡು ಸರಿಮಾಡ್ಬೋದು."

ಗೌಡಗೆರೆ ಕಡೆಯ ತಂಡವೊಂದರ ಹಗಲು ನಾಟಕವಿತ್ತು. ಆ ತಂಡ ಕೊರಟಗೆರೆ, ಪಾವಗಡ ಎಲ್ಲಿ ಆಡಿದರೂ ಮೈಕ್ ನಮ್ಮದೇ. ಅವರು ಕೈಬಿಟ್ಟರೆ ನಾನು ಷಟರ್ ಎಳೆಯಬೇಕು, ಅಷ್ಟೆ. ಆದರೂ ಒಪ್ಪಿದೆ.

ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರ ಕಟ್ಟುವವರು ಊರಿನವರೇ. ಒಬ್ಬೊಬ್ಬ ಪಾತ್ರಧಾರಿಯ ಜೊತೆಗೂ ಅವನ ಅಣ್ಣ, ಭಾವ, ಷಡ್ಡಕ ಬರುತ್ತಾರೆ. ಬಂದವರು ಮಿಕ್ಸರ್ ಸುತ್ತ ನಿಲ್ಲುತ್ತಾರೆ. ತಮ್ಮವನು ಹಾಡಲು ಬಾಯಿ ತೆರೆದಾಗ ಅವರ ಕಣ್ಣು ಸ್ಟೇಜ್ ಮೇಲಿರುವುದಿಲ್ಲ, ಆಪರೇಟರ್ ಬೆರಳಿನ ಮೇಲಿರುತ್ತದೆ. ಹೊಸ ಯಂತ್ರದ ಸಡಗರದಲ್ಲಿ ಈ ಪದ್ಧತಿಯನ್ನು ನಾನೂ ಆಪರೇಟರೂ ಮರೆತೇಬಿಟ್ಟಿದ್ದೆವು.

ನಾಟಕ ಶುರುವಾಗಿ ರಾಜನ ಪಾತ್ರದವನು ಹಾಡಲು ನಿಂತಾಗ ಅವನ ಭಾವ ಸ್ಟೇಜ್ ಪಕ್ಕದ ಮೇಜಿಗೆ, ನನ್ನ ಬಳಿ ಬಂದ. ಪೆಟ್ಟಿಗೆ ನೋಡಿದ. ಮೇಜಿನ ಕೆಳಗೆ ಬಗ್ಗಿ ನೋಡಿದ.

"ಅಮ್ಮಾ, ಮಿಕ್ಸರ್ ಎಲ್ಲಮ್ಮ?"

"ಇದೇನಪ್ಪಾ."

"ಇದ್ರಾಗೆ ತಿರುವಾಕೆ ಏನೈತೆ? ಸೌಂಡ್ ಮಾಡ್ತಿರೋನು ಯಾರು?"

ನಾನು ಕೈ ತೋರಿಸಿದೆ. ಜನರ ಹಿಂದೆ, ಹುಣಸೆ ಮರದ ನೆರಳಲ್ಲಿ, ಮಂತ್ರಿ ಪಾತ್ರದವನ ಅಣ್ಣತಮ್ಮಂದಿರ ನಡುವೆ ನಮ್ಮ ಆಪರೇಟರ್ ಕೂತಿದ್ದ. ತೊಡೆಯ ಮೇಲೆ ಟ್ಯಾಬ್, ಕೈಯಲ್ಲಿ ಕಡ್ಲೆಕಾಯಿ.

"ಲೇ, ಬರ್ರಲಾ ಇಲ್ಲಿ! ಮಂತ್ರಿ ಕಡೆಯೋರು ಕಡ್ಲೆಕಾಯ್ ತಿನ್ಸಿ ನಮ್ಮೋನ್ ಗಂಟ್ಲು ಇಸುಕ್ತಾವ್ರೆ!" ಎಂದು ಭಾವ ಕೂಗಿದ.

ಹಾರ್ಮೋನಿಯಂ ನಿಂತಿತು. ರಾಜ ಕಿರೀಟ ಹಿಡಿದುಕೊಂಡು ಸ್ಟೇಜ್ ಅಂಚಿಗೆ ಬಂದು ಭಾವನನ್ನೇ ನೋಡಿದ. "ನಿಮ್ಮೋನು ಮೈಕ್ ಬುಟ್ಟು ಮಾರು ದೂರ ನಿಂತ್ರೆ ನಾನೇನ್ ಮಾಡ್ಲಣ್ಣಾ?" ಎಂದು ಆಪರೇಟರ್ ಕೂಗುತ್ತಿದ್ದ. ಅವನ ಮಾತು ನಿಜವಿರಬಹುದು. ಆದರೆ ಅಷ್ಟು ದೊಡ್ಡ ಮೈದಾನದಲ್ಲಿ ಅಲ್ಲೇ ಏಕೆ ಕೂತ? ನೆರಳಿಗೋ, ಕಡ್ಲೆಕಾಯಿಗೋ, ಇನ್ನೇನಕ್ಕೋ? ಅನುಮಾನ ನನಗೂ ಇತ್ತು.

ಹಾರ್ಮೋನಿಯಂ ನುಡಿಸುತ್ತ ನಾಟಕ ನಡೆಸುವ ಮೇಷ್ಟ್ರು ಕೆಳಗಿಳಿದು ಬಂದರು. "ಕಾಣ್ದಂಗೆ ಸೌಂಡ್ ಮಾಡೋದು ನಮ್ಗೆ ಬ್ಯಾಡ ಕಣಮ್ಮ. ಇಂಗಾದ್ರೆ ಮುಂದಿನ ನಾಟ್ಕಕ್ಕೆ ಬೇರೆಯೋರ್ನ ನೋಡ್ಕತೀವಿ."

ನಾನು ಓದಿದ ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಎಂಬ ಭಾಷಣಕಲೆ ಕಲಿಸುತ್ತಿದ್ದ ಸಿಸ್ಟರ್, ನಮ್ಮನ್ನು ಸ್ಟೇಜ್ ಹತ್ತಿಸಿ, ಹಾಲ್‌ನ ಕೊನೆಯ ಬೆಂಚಿಗೆ ಹೋಗಿ ಕೂರುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ. ಅಂಗೈ ಮೇಲೆ ಮಾಡಿದರೆ ಲೌಡರ್, ಕೆಳಗೆ ಮಾಡಿದರೆ ಸಾಫ್ಟರ್. ಆ ಬಿಳಿ ತೋಳು, ಆ ನಿಶ್ಶಬ್ದ, ಎಷ್ಟು ವರ್ಷಗಳ ಮೇಲೆ ನೆನಪಾಯಿತೋ! ಆಪರೇಟರ್ ಕೈಯಿಂದ ಟ್ಯಾಬ್ ಕಿತ್ತುಕೊಂಡು, ಸ್ಟೇಜ್ ಪಕ್ಕದ ಮೇಜಿಗೆ ತಂದು, ಎರಡೂ ಕಡೆಯವರಿಗೆ ಕಾಣುವ ಹಾಗೆ ಹುರಿಯಿಂದ ಬಿಗಿದು ಕಟ್ಟಿದೆ. ಅವನನ್ನು ಅಲ್ಲೇ ಕೂರಿಸಿದೆ. "ನನ್ನ ಕೈ ನೋಡುತ್ತಿರು" ಎಂದು ಹೇಳಿ ಜನರ ಹಿಂದಕ್ಕೆ ಹೋಗಿ ನಿಂತೆ.

ರಾಜ ಮತ್ತೆ ಹಾಡಿದ. ದನಿ ನಿಜಕ್ಕೂ ಸಣ್ಣಗಿತ್ತು. ಅಂಗೈ ಎತ್ತಿದೆ. ಪರದೆಯ ಮೇಲೆ ಆಪರೇಟರ್ ಬೆರಳು ಜಾರಿದ್ದನ್ನು ಭಾವ ಹತ್ತಿರದಿಂದ ನೋಡಿ, ಟವೆಲ್ ಹೆಗಲಿಗೆ ಹಾಕಿಕೊಂಡು ಕೂತ.

ಪೆಟ್ಟಿಗೆಯನ್ನು ಕೊಂಡೆ. ವೈರ್‌ಲೆಸ್ ಯಂತ್ರಕ್ಕೆ ಹುರಿ ಕಟ್ಟಿದವರನ್ನು ಎಲ್ಲೂ ಕಂಡಿಲ್ಲ ಎಂದು ಡೀಲರ್ ನಕ್ಕ. ನಗಲಿ. ಪಾಸ್‌ವರ್ಡ್ ಬದಲಾಯಿಸಿದ್ದೇನೆ, ನಾನೇ ಒತ್ತಿಕೊಡುತ್ತೇನೆ. ಆಪರೇಟರ್‌ಗೆ ಇನ್ನೂ ಮುನಿಸು.

ಮೇಷ್ಟ್ರು ಮುಂದಿನ ನಾಟಕವನ್ನೂ ನಮಗೇ ಕೊಟ್ಟರು, ಪಾವಗಡದಲ್ಲಿ. ಅಲ್ಲಿಗೆ ಹೋಗುವಷ್ಟರಲ್ಲಿ ಸೌಂಡ್ ಏರುವುದು ಇಳಿಯುವುದು ನನ್ನ ಅಂಗೈ ನೋಡಿ ಎಂಬ ಸುದ್ದಿ ಹರಡಿತ್ತು. ನೆಂಟರೆಲ್ಲ ಮಿಕ್ಸರ್ ಬಿಟ್ಟು ಕೊನೆಯ ಸಾಲಿಗೆ, ನನ್ನ ಸುತ್ತ ಬಂದು ನಿಂತರು. "ಅಮ್ಮಾ, ಚೆಯ್ಯಿ ಕೊಂಚಂ ಮೇಲಕ್ಕೆ ಎತ್ತಮ್ಮಾ, ನಮ್ಮೋಡು ಬರ್ತಾವ್ನೆ" ಎಂದು ಪಾವಗಡ ಕಡೆಯ ನೆಂಟನೊಬ್ಬ ತೆಲುಗು ಬೆರೆಸಿ ಕಿವಿಯಲ್ಲೇ ಉಸುರಿದ. ಇನ್ನೊಬ್ಬ ಕುರ್ಚಿ ತಂದ, ಮತ್ತೊಬ್ಬ ಎಳನೀರು ಕೆತ್ತಿಸಿಕೊಂಡು ಬಂದ. ಬಾಯಾರಿತ್ತು. ಆದರೂ, ನೀನು ಯಾವ ಪಾತ್ರದ ಕಡೆಯವನಪ್ಪಾ ಎಂದು ಕೇಳದೆ ನಾನು ಅದನ್ನು ಮುಟ್ಟಲಿಲ್ಲ.