ಎರಡು ತಟ್ಟಿದರೆ ಸರಿ

ನಾನು ವಿಮಾನದ ಕಿಟಕಿ ಮುಚ್ಚುವ ಕೆಲಸ ಮಾಡುತ್ತಿದ್ದೆ. ಇದನ್ನು ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಹೇಳಿದರೆ ಜನ ನಗುತ್ತಾರೆ. ರಜೆಗೆ ಬಂದಾಗಲೆಲ್ಲಾ ಹೊಸಹಳ್ಳಿ ಬಸ್ಸಿಗೆ ಕಾಯುತ್ತಾ ಕೂತವರಲ್ಲಿ ಒಬ್ಬರಾದರೂ ಕೇಳುತ್ತಿದ್ದರು.

"ಇಮಾನ ಕಟ್ತೀಯಂತಲ್ಲವ್ವಾ, ಖರೇನಾ?"

"ಕಟ್ಟಂಗಿಲ್ರಿ. ಕಟ್ಟಿದ್ದನ್ನ ಬಿಚ್ಚಿ, ಕಿಟಕಿ ಮುಚ್ತೀವಿ."

"ಕಿಟಕಿ ಮುಚ್ಚಿದ್ರ ಒಳಗ ಕುಂತೋರು ಏನು ನೋಡಬೇಕು?"

"ಒಳಗ ಯಾರೂ ಕುಂದ್ರಂಗಿಲ್ರಿ. ಬರೇ ಬಾಕ್ಸು."

ಅವರಿಗೆ ಅಷ್ಟು ಸಾಕಾಗುತ್ತಿತ್ತು. ನನಗೂ ಸಾಕಾಗಿರುತ್ತಿತ್ತು.

ಜನ ಮನೆಯಲ್ಲೇ ಕೂತು ಫೋನಿನಲ್ಲಿ ಸಾಮಾನು ತರಿಸಿಕೊಳ್ಳುವುದು ವಿಪರೀತವಾಗಿ, ಸರಕಿನ ವಿಮಾನಗಳು ಸಾಲದೆ ಹೋದ ವರ್ಷಗಳು ಅವು. ಹೊಸದನ್ನು ಕಟ್ಟುವವರೆಗೆ ಯಾರು ಕಾಯುತ್ತಾರೆ? ಜನರನ್ನು ಹೊತ್ತು ಹೊತ್ತು ಹಳೆಯದಾದ ವಿಮಾನಗಳನ್ನು ನಗರದ ನಮ್ಮ ಹ್ಯಾಂಗರಿನ ದೊಡ್ಡ ಶೆಡ್ಡಿಗೆ ತಂದು ನಿಲ್ಲಿಸುತ್ತಿದ್ದರು. ಸೀಟು ಕೀಳುವುದು, ನೆಲಕ್ಕೆ ಉರುಳೆ ಕೂರಿಸುವುದು, ಪಕ್ಕೆ ಕೊಯ್ದು ದೊಡ್ಡ ಬಾಗಿಲು ಇಡುವುದು, ಕಿಟಕಿ ಇದ್ದಲ್ಲೆಲ್ಲಾ ತಗಡು ಬಡಿಯುವುದು, ಕಳಿಸುವುದು. ಒಂದು ಹೊರಡುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತಿತ್ತು. ಕೊಟ್ಟೂರಿನಲ್ಲಿರುವ ನಮ್ಮ ಅತ್ತಿಗೆ, ತರಿಸಿದ ಮಿಕ್ಸರ್ ಮುಚ್ಚಳ ಇನ್ನೂ ಬಂದಿಲ್ಲವೆಂದು ನನಗೇ ಫೋನ್ ಮಾಡಿ ಜಗಳಕ್ಕೆ ಬರುತ್ತಿದ್ದಳು. "ನೀ ಏನ್ ಮಾಡಾಕತ್ತಿ ಅಲ್ಲಿ ಕುಂತು?" ಎಲ್ಲಾ ಬಾಕ್ಸುಗಳನ್ನೂ ನಾನೇ ತಲೆಯ ಮೇಲೆ ಹೊತ್ತು ತರಬೇಕಿತ್ತೇನೋ.

ಐಟಿಐ ಓದಿ ಈ ಕೆಲಸಕ್ಕೆ ಸೇರಿದ್ದೆ ನಿಜ, ಆದರೆ ನನ್ನನ್ನು ಅಲ್ಲಿ ಉಳಿಸಿದ್ದು ಬೆರಳು. ನಮ್ಮದು ಕುರಿ ಸಾಕುವ ಮನೆ. ಕುರಿ ಕೊಳ್ಳುವಾಗ ಅವ್ವ ಮೊದಲು ಬೆನ್ನಿಗೆ ಕೈ ಹಾಕುತ್ತಾಳೆ. ಉಣ್ಣೆಯ ಕೆಳಗೆ ಎಲುಬು ಎಷ್ಟು ಹತ್ತುತ್ತದೆ ಎಂದು ಒತ್ತಿ ನೋಡಿದರೆ ಅದು ಮೈ ತುಂಬಿದೆಯೋ ಬಡಕಲೋ ತಿಳಿಯುತ್ತದೆ. ನಾನೂ ಹಾಗೆ ಒತ್ತಿ ನೋಡುತ್ತಲೇ ಬೆಳೆದವಳು. ಹ್ಯಾಂಗರಿನಲ್ಲಿ ತಗಡು ಜೋಡಿಸುವ ಮೊಳೆ, ಅಂದರೆ ರಿವೆಟ್ಟಿನ ತಲೆ ತಗಡಿನ ಮಟ್ಟಕ್ಕೆ ಕೂತಿದೆಯೋ, ಕೂದಲೆಳೆಯಷ್ಟು ಎದ್ದಿದೆಯೋ, ಬೆರಳು ಸವರಿದರೆ ನನಗೆ ಗೊತ್ತಾಗುತ್ತಿತ್ತು. ಸೂಪರ್‌ವೈಸರ್ ನನ್ನನ್ನು ಕಿಟಕಿಗೆ ಹಾಕಿದ್ದೇ ಅದಕ್ಕೆ.

ರಿವೆಟ್ ಬಡಿಯಲು ಇಬ್ಬರು ಬೇಕು. ನಾನು ಹೊರಗೆ ಗಾಳಿಯ ಒತ್ತಡದಿಂದ ಗುದ್ದುವ ಗನ್ನು ಹಿಡಿದು ಬಡಿಯುವವಳು. ಒಳಗೆ ನನ್ನ ಜೋಡಿ, ಅಂಗೈಯಗಲದ ಉಕ್ಕಿನ ದಿಮ್ಮಿಯನ್ನು ರಿವೆಟ್ಟಿನ ಇನ್ನೊಂದು ತುದಿಗೆ ಒತ್ತಿ ಹಿಡಿಯುವವನು. ಹರಪನಹಳ್ಳಿ ಕಡೆಯವನು, ನನಗಿಂತ ದೊಡ್ಡವನು, ಅಣ್ಣ ಎನ್ನುತ್ತಿದ್ದೆ. ನಡುವೆ ತಗಡು. ಒಬ್ಬರ ಮುಖ ಒಬ್ಬರಿಗೆ ಕಾಣದು. ಆ ಗದ್ದಲದಲ್ಲಿ ಕೂಗಿದರೂ ಕೇಳದು. ಆದ್ದರಿಂದ ರಿವೆಟ್ಟಿನ ಮೇಲೆ ತಟ್ಟಿ ಹೇಳುವುದು ಈ ಕೆಲಸದ ರೂಢಿ. ಅವನು ಒಳಗಿನಿಂದ ಒಂದು ತಟ್ಟಿದರೆ, ಸಾಲದು, ಇನ್ನೊಮ್ಮೆ ಹೊಡಿ. ಎರಡು ತಟ್ಟಿದರೆ ಸರಿ. ಮೂರು ತಟ್ಟಿದರೆ ಕೆಟ್ಟಿತು, ಕೊರೆದು ತೆಗಿ. ಆ ತಟ್ಟು ಗನ್ನಿನ ಮೂಲಕ ನನ್ನ ಬೆರಳಿಗೆ ಬರುತ್ತಿತ್ತು.

ಮಾತಿಗೆ ಸಿಕ್ಕಾಗ ಅವನದು ಬರೀ ಕೀಟಲೆ. "ಮನೆ ಅನ್ನಾಕೆ ಏನಮ್ಮ ಕಷ್ಟ ನಿಮ್ ಕೂಡ್ಲಿಗಿಯೋರಿಗೆ? ಮನಿ, ಮನಿ ಅಂತೀರಲ್ಲ."

"ನೀನು ಐತೆ ಅಂತಿ, ನಾ ಐತಿ ಅಂತೀನಿ. ಇರೋದು ಒಂದ ಅಲ್ಲೇನು? ಸುಮ್ನ ಉಣ್ಣು."

ಅವನು ಊಟದ ಮೇಜಿನ ಮೇಲೆ ಗೆಣ್ಣಿನಿಂದ ಎರಡು ತಟ್ಟುತ್ತಿದ್ದ. ಸಾರು ಚೆನ್ನಾಗಿಲ್ಲದ ದಿನ ಮೂರು.

ಜೋಮು ಮೊದಲು ಕಿರುಬೆರಳಿಗೆ ಬಂತು. ಗನ್ನು ಕೆಳಗಿಟ್ಟ ಮೇಲೂ ಕೈ ಒಳಗೊಳಗೇ ಗುಂಯ್‌ಗುಡುತ್ತಿತ್ತು. ಆಮೇಲೆ ಬೆಳಗಿನ ಚಳಿಯಲ್ಲಿ ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾಗತೊಡಗಿದವು. ಆಮೇಲೆ ಗುಂಡಿ ಹಾಕಿಕೊಳ್ಳುವುದೇ ಒಂದು ಕೆಲಸವಾಯಿತು. ಕಿಟಕಿಗಳು ಮಾತ್ರ ಬರುತ್ತಲೇ ಇದ್ದವು. ಗಾಬರಿಯಾಯಿತೇ ಎಂದರೆ, ಅದೂ ಇಲ್ಲ. ಬೆರಳಿನ ಜೊತೆ ಮನಸ್ಸಿಗೂ ಜೋಮು ಹಿಡಿದಿತ್ತು. ಹಬ್ಬ ಬಂತು, ಹೋಯಿತು. ಕೊಟ್ಟೂರಿನ ಅಣ್ಣನಿಗೆ ಮಗುವಾಯಿತು, ಫೋಟೊ ನೋಡಿದೆ, ಚೆನ್ನಾಗಿದೆ ಎಂದೆ, ಗನ್ನು ಎತ್ತಿಕೊಂಡೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಗನ್ನು ಕಸಿದುಕೊಳ್ಳುತ್ತಾರೆ, ಗನ್ನು ಹೋದರೆ ಅಲ್ಲಿ ನನಗೇನು ಕೆಲಸ? ಅವನು ತಟ್ಟುವುದು ಬೆರಳಿಗೆ ಹತ್ತದೆ ಹೋದಾಗ, ಕಿವಿಯ ಮೇಲಿನ ಮುಚ್ಚಳ ಸರಿಸಿ ತಗಡಿಗೆ ಕೆನ್ನೆ ಕೊಡುವುದನ್ನು ರೂಢಿ ಮಾಡಿಕೊಂಡೆ. ಕೆನ್ನೆಗೆ ಚೆನ್ನಾಗಿ ತಿಳಿಯುತ್ತಿತ್ತು. ನಾವು ಬಡಿದದ್ದನ್ನು ಇನ್ಸ್‌ಪೆಕ್ಟರ್ ಅಳೆದು ನೋಡಿ ಪಾಸು ಮಾಡುತ್ತಲೂ ಇದ್ದರು. ಮತ್ತೇನು?

ಒಂದು ವಿಮಾನ ಮುಗಿದು ಪರೀಕ್ಷೆಗೆ ಹಾರುವಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಮೇಲೆ ಹೋದಾಗ ಒಳಗಿನ ಗಾಳಿ ಹೊರಗೆ ನುಗ್ಗಲು ನೋಡುತ್ತದೆ. ತಗಡಿನ ಅಂಚಿನಲ್ಲಿ ಎಲ್ಲಾದರೂ ಸಂದು ಉಳಿದಿದ್ದರೆ ಕೈ ಸವರಿ ಹುಡುಕಿ ಗುರುತು ಮಾಡುವುದು ನಮ್ಮ ಕೆಲಸ. ನನ್ನ ಜೀವನದಲ್ಲಿ ವಿಮಾನ ಹತ್ತಿದ್ದು ಅದೇ ಮೊದಲು. ಒಳಗೆ ಖಾಲಿ ಗೋದಾಮು. ಕಿಟಕಿ ಒಂದೂ ಇಲ್ಲ. ಇರುವುದಾದರೂ ಹೇಗೆ, ಮುಚ್ಚಿದವಳೇ ನಾನು.

ಅವನು ಮುಂದೆ ಹೋಗಿ ಎಂಜಿನಿಯರ್ ಸಾಹೇಬರನ್ನು ಕೇಳಿಕೊಂಡು ಬಂದ. "ಈಗ ನಿಮ್ ಕೂಡ್ಲಿಗಿ ಮೇಲೆ ಇದೀವಂತೆ. ನಮಸ್ಕಾರ ಮಾಡ್ಕೊ."

ಕೆಳಗೆ ನಮ್ಮ ಮನೆ, ಅವ್ವ, ಕುರಿ. ಏನಾದರೂ ಅನ್ನಿಸಲಿ ಎಂದು ಸ್ವಲ್ಪ ಹೊತ್ತು ಕಾದೆ. ಸುಳ್ಳು ಯಾಕೆ ಹೇಳಲಿ, ಏನೂ ಅನ್ನಿಸಲಿಲ್ಲ.

ಆಗಲೇ ಅವನು ಒಂದು ಕಿಟಕಿಯ ಜಾಗದಲ್ಲಿ ನಿಂತು ಕರೆದ. "ಇಲ್ಲಿ ಕೈ ಇಟ್ಟು ನೋಡು, ಗಾಳಿ ಎಳೀತೈತಾ?"

ಕೈ ಇಟ್ಟೆ. ಎಳೆಯುತ್ತಿದೆಯೋ ಇಲ್ಲವೋ, ದೇವರೇ ಬಲ್ಲ. ಅವನು ಕಾಯುತ್ತಿದ್ದ. ನನಗೆ ಬೇರೆ ದಾರಿ ಕಾಣದೆ ಬಗ್ಗಿ ಅಲ್ಲಿಗೆ ಕೆನ್ನೆ ಕೊಟ್ಟೆ. ತಣ್ಣಗೆ ಎಳೆಯುತ್ತಿತ್ತು. "ಹೂಂ, ಐತಿ" ಎಂದು ತಲೆಯೆತ್ತಿದರೆ ಅವನು ಸಂದನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದ.

ಇಳಿದ ಮೇಲೆ ಕೇಳಿದ, "ಯಾವಾಗಿಂದ?"

"ಏನು ಯಾವಾಗಿಂದ?"

ಮರುದಿನ ಸೂಪರ್‌ವೈಸರ್ ಕರೆದು ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಬೆರಳ ತುದಿಗಳನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ನೋಡಿ, ಗನ್ನಿನ ಅದುರಿಗೆ ನರ ಜಡವಾಗಿವೆ, ಇನ್ನು ಅದನ್ನು ಮುಟ್ಟುವಂತಿಲ್ಲ ಎಂದರು. ಸ್ಪರ್ಶ ಮರಳಿ ಬರುತ್ತದೆಯೇ ಎಂದೆ. ಬರಬಹುದು, ಬರದೆಯೂ ಇರಬಹುದು ಎಂದರು. ಕೈಗೆ ಕಸುವು ಬಂದರೆ ಮತ್ತೆ ನೋಡೋಣ ಎಂದು ಹ್ಯಾಂಗರಿನವರು ರಜೆ ಕೊಟ್ಟು ಊರಿಗೆ ಕಳಿಸಿದರು.

ಆಗ ಮಾತ್ರ ನನಗೆ ಏನೋ ಅನ್ನಿಸಿತು. ಸಿಟ್ಟು. ಎಂಥಾ ಸಿಟ್ಟು! ಅವನ ಏಳು ತಲೆಮಾರನ್ನೂ ಎಳೆದು ಬೈದೆ, ಬಸ್ಸಿನಲ್ಲಿ ಕೂತು, ಮನಸ್ಸಿನಲ್ಲೇ. ಅಣ್ಣನಂತೆ ಅಣ್ಣ. ಒಂದು ಮಾತು ನನಗೆ ಹೇಳಿ ಆಮೇಲೆ ಹೋಗಿ ಸೂಪರ್‌ವೈಸರ್ ಕಿವಿಯಲ್ಲಿ ಊದಬಾರದಿತ್ತೇ? ಅವನ ಫೋನು ಬಂದಾಗಲೆಲ್ಲಾ ಕತ್ತರಿಸಿದೆ. ಇಷ್ಟು ಹೊತ್ತಿಗೆ ಬೇರೆ ಯಾರದೋ ಗನ್ನಿಗೆ ಎರಡು ತಟ್ಟುತ್ತಿರುತ್ತಾನೆ ಎಂದು ನೆನೆದರೆ ಮೈಯೆಲ್ಲಾ ಉರಿಯುತ್ತಿತ್ತು.

ಮನೆಯಲ್ಲಿ, ಸುಮ್ಮನೆ ರಜೆ ಹಾಕಿ ಬಂದಿದ್ದೇನೆ ಎಂದೆ. ಅವ್ವ ಒಂದು ಹೆಣ್ಣುಕುರಿ ತಂದಿದ್ದಳು, ಒತ್ತಿ ನೋಡು ಎಂದಳು. ಒತ್ತಿದೆ. ಉಣ್ಣೆ ಯಾವುದು, ಮೈ ಯಾವುದು, ಒಂದೂ ಹತ್ತಲಿಲ್ಲ.

"ಚಲೋ ಮೈ ತುಂಬೇತಿ" ಎಂದೆ.

"ಎಲಬು ಚುಚ್ಚಾಕತ್ತೈತಿ, ಮೈ ತುಂಬೇತಿ ಅಂತಾಳ ನೋಡು! ಬಡಕಲೈತಿ ಅಂತ ಮೇಯ್ಸಾಕ ತಂದೀನಿ. ಪ್ಯಾಟಿ ಸೇರಿ ಕುರಿನೂ ಮರತಿ ಏನು?"

ಅವ್ವನಿಗೆ ಹೇಗೆ ಹೇಳುವುದು? ಅವಳು ಕೊಟ್ಟದ್ದನ್ನೇ ಕಳೆದುಕೊಂಡು ಬಂದಿದ್ದೆ.

ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಅವನು ಬಂದ. ಹರಪನಹಳ್ಳಿಯಿಂದ ಕೊಟ್ಟೂರು, ಅಲ್ಲಿಂದ ಕೂಡ್ಲಿಗಿ, ಅಲ್ಲಿಂದ ನಮ್ಮೂರು ಎಂದು ಬಸ್ಸು ಬದಲಿಸಿ ಬದಲಿಸಿ, ಧೂಳು ಮುಕ್ಕಿಕೊಂಡು. ಕಟ್ಟೆಯ ಮೇಲೆ ಕೂತ. ಅವ್ವ ನೀರು ಕೊಟ್ಟು ಚಹಾ ಇಡಲು ಒಳಗೆ ಹೋದಳು.

"ಯಾಕ ಬಂದಿ? ಗನ್ನಿಗೆ ಹೊಸಬರು ಸಿಕ್ಕಿಲ್ಲೇನು?"

"ಸಿಕ್ಕಾರೆ. ದಿಮ್ಮಿಗೂ ಹೊಸಬ ಸಿಕ್ಕಾನೆ."

"ಅಂದ್ರ?"

ಅವನು ಎರಡೂ ಕೈ ಚಾಚಿ ತೋರಿಸಿದ. ಬೆರಳುಗಳು ನನ್ನವುಗಳಂತೆಯೇ, ತುದಿಯಲ್ಲಿ ರಕ್ತವಿಲ್ಲದೆ ಬಿಳಿಚಿದ್ದವು. "ಅವತ್ತು ಸೂಪರ್‌ವೈಸರ್ ಸಾಹೇಬ್ರ ಹತ್ರ ನಂದು ಹೇಳಿದ ಮೇಲೇ ನಿಂದು ಹೇಳಿದ್ದು. ಕೈ ಇಟ್ಟು ನೋಡು ಅಂತ ನಿನ್ನ ಯಾಕೆ ಕರೆದೆ ಅಂದ್ಕೊಂಡಿದ್ದೀ? ಗಾಳಿ ಎಳೆಯೋದು ನನ್ನ ಕೈಗೆ ಗೊತ್ತಾಗಿರ್ಲಿಲ್ಲ. ನಿಂಗೂ ಗೊತ್ತಾಗ್ಲಿಲ್ಲ ಅಂದ ಮೇಲೆ ಸುಮ್ನಿರೋದು ಹೆಂಗೆ ಹೇಳು?"



"ಮತ್ತ ಇಷ್ಟು ದಿನ ತಟ್ತಿದ್ದೆಲ್ಲ?"

"ಕಣ್ಣಲ್ಲಿ ನೋಡಿ ತಟ್ತಿದ್ದೆ. ನೀನು?"

"ನಾ ಕೆನ್ನಿಲೆ ಕೇಳ್ತಿದ್ದೆ."

"ಹಂಗಾದ್ರೆ ಆ ವಿಮಾನಕ್ಕೆ ಕೈ ಹಾಕಿದ್ದು ಯಾರು ತಂಗಿ?"

ನನಗೆ ನಗು ಬಂತು. ಎಷ್ಟು ತಿಂಗಳ ಮೇಲೋ ಏನೋ. ಅವನೂ ನಕ್ಕ. ನಗುತ್ತಾ ನಗುತ್ತಾ ಕಣ್ಣಲ್ಲಿ ಬಂದ ನೀರನ್ನು ಒರೆಸಿಕೊಂಡೆ.

ಅಷ್ಟರಲ್ಲಿ ಅವ್ವ ಚಹಾ ತಂದಳು. ಒಲೆಯಿಂದ ಆಗಷ್ಟೇ ಇಳಿಸಿದ್ದು, ಸ್ಟೀಲ್ ಲೋಟಗಳಲ್ಲಿ. ಸೆರಗು ಸುತ್ತಿ ಹಿಡಿದಿದ್ದಳು. ಅವಳು ಕೆಳಗಿಡುವ ಮೊದಲೇ ನಾವಿಬ್ಬರೂ ಕೈ ಚಾಚಿ ಲೋಟ ಇಸಿದುಕೊಂಡೆವು, ಮುಷ್ಟಿ ತುಂಬಾ ಹಿಡಿದುಕೊಂಡು ಮಾತು ಮುಂದುವರಿಸಿದೆವು. ಅವ್ವ ಒಳಗೆ ಹೋಗದೆ ಅಲ್ಲೇ ನಿಂತಳು.

"ಸುಡಂಗಿಲ್ಲೇನು ನಿಮಗ?"

ಇಬ್ಬರಿಗೂ ಲೋಟ ಕೆಳಗಿಡಬೇಕೆಂದೂ ಹೊಳೆಯಲಿಲ್ಲ. ಅವ್ವನೇ ಎರಡನ್ನೂ ಕಸಿದು ಕಟ್ಟೆಯ ಮೇಲಿಟ್ಟಳು. ನನ್ನ ಅಂಗೈ ತಿರುಗಿಸಿ ನೋಡಿದಳು, ಕೆಂಪಾಗಿತ್ತು. ಅವನದನ್ನು ತಿರುಗಿಸಿದಳು, ಅದೂ ಕೆಂಪಗೆ. "ಯವ್ವಾ, ಯವ್ವಾ... ಏನಾಗೇತಿ ಇವಕ್ಕ?" ಎಂದವಳೇ ನನ್ನ ಎದುರು ಕೂತು, ಕುರಿಯ ಬೆನ್ನು ಒತ್ತುವ ಹಾಗೆ ನನ್ನ ಬೆರಳನ್ನು ಒಂದೊಂದಾಗಿ ಒತ್ತತೊಡಗಿದಳು.

"ಇಲ್ಲಿ ಗೊತ್ತಾಗ್ತೈತೇನು? ಇಲ್ಲಿ?"

ಹೂಂ ಎಂದರೆ ಸುಳ್ಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇನ್ನೊಂದು ಕೈಯ ಗೆಣ್ಣಿನಿಂದ ಕಟ್ಟೆಯ ಮೇಲೆ ಒಮ್ಮೆ ತಟ್ಟಿದೆ.

ಅವ್ವ ಅವನ ಮುಖ ನೋಡಿದಳು. "ಏನಂತಾಳ ಇಕಿ?"

"ಸಾಲದಂತೆ ಅವ್ವಾ. ಇನ್ನೊಂದ್ಸಲ ಅಂತಾಳೆ."

ಅವ್ವ ಕಣ್ಣೊರೆಸಿಕೊಂಡು, ಇನ್ನೂ ಜೋರಾಗಿ ಒತ್ತಿದಳು.